ಉದುರುವ ಕೂದಲು: ಮದ್ದಿದೆ, ಅವಸರಕ್ಕಲ್ಲ

ತರೀಕೆರೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ವಯಸ್ಸು ಇಪ್ಪತ್ತಾರು. ಕೆಲಸ ಬೆಂಗಳೂರಿನಲ್ಲಿ, ಊರಿನಲ್ಲಿ ಅಡಿಕೆ ತೋಟ. ಎರಡು ವರ್ಷದಿಂದ ಹಣೆಯ ಎರಡೂ ಮೂಲೆಗಳಲ್ಲಿ ಕೂದಲು ಹಿಂದೆ ಸರಿಯುತ್ತಿದೆ. ನೆತ್ತಿಯ ಸುಳಿಯ ಸುತ್ತ ಚರ್ಮ ಕಾಣತೊಡಗಿದೆ. ಬೆಂಗಳೂರಿನ ಬೋರ್‌ವೆಲ್ ನೀರೇ ಕಾರಣ ಎನ್ನುತ್ತಾರೆ ತಾಯಿ. ಹೆಲ್ಮೆಟ್ ಎನ್ನುತ್ತಾರೆ ಅಣ್ಣ. ಚರ್ಮವೈದ್ಯರು ದಿನಕ್ಕೆರಡು ಸಲ ತಲೆಗೆ ಹಚ್ಚಲು ಮಿನೊಕ್ಸಿಡಿಲ್ ಎಂಬ ದ್ರಾವಣ ಬರೆದುಕೊಟ್ಟರು. ಹಚ್ಚಲು ಶುರುಮಾಡಿದ ಐದನೆಯ ವಾರ ಬಾಚಣಿಗೆಯಲ್ಲಿ ಮೊದಲಿಗಿಂತ ಹೆಚ್ಚು ಕೂದಲು ಬಂತು. ಇವರು ಹೆದರಿ ಬಾಟಲಿಯನ್ನೇ ಎಸೆದುಬಿಟ್ಟರು. ತಂಗಿಯ ಮದುವೆಯ ಆಲ್ಬಂನಲ್ಲಿ ತನ್ನದೊಂದೂ ಫೋಟೋ ಇಲ್ಲವೆಂದೂ, ಕ್ಯಾಮೆರಾ ಬಂದಾಗಲೆಲ್ಲ ಅಡುಗೆ ಮನೆಯ ಕಡೆ ಹೋಗಿ ನಿಲ್ಲುತ್ತಿದ್ದೆನೆಂದೂ ಬರೆದಿದ್ದಾರೆ. ಈಗ ಆಷಾಢ. ಅದು ಮುಗಿದ ಕೂಡಲೇ ಹೆಣ್ಣು ನೋಡುವ ಶಾಸ್ತ್ರ, ಕಾರ್ತೀಕದೊಳಗೆ ಲಗ್ನವಾಗಬೇಕೆಂದು ಮನೆಯವರ ಆಸೆ. ನಾಲ್ಕು ತಿಂಗಳೊಳಗೆ ಕೂದಲು ಬರಿಸುವ ಮದ್ದು ಯಾವುದು ಎಂಬುದು ಅವರ ಪ್ರಶ್ನೆ.

ಕೂದಲುದುರಿದರೆ ಪ್ರಾಣಕ್ಕೇನೂ ಅಪಾಯವಿಲ್ಲ ಎಂದು ನಾವು ವೈದ್ಯರು ಸುಲಭವಾಗಿ ಹೇಳಿ ಕಳಿಸುತ್ತೇವೆ. ಮಾತು ನಿಜ, ಆದರೆ ಉಪಯೋಗವಿಲ್ಲದ ನಿಜ. 2017ರಲ್ಲಿ ತೆರೆಕಂಡ ‘ಒಂದು ಮೊಟ್ಟೆಯ ಕಥೆ’ಯನ್ನು ನೀವು ನೋಡಿರಬಹುದು. ರಾಜ್ ಬಿ. ಶೆಟ್ಟಿಯವರು ನಿರ್ದೇಶಿಸಿ ತಾವೇ ನಟಿಸಿದ ಆ ಚಿತ್ರದ ನಾಯಕ ಮಂಗಳೂರಿನಲ್ಲಿ ಕನ್ನಡ ಉಪನ್ಯಾಸಕ. ತಲೆಯಲ್ಲಿ ಕೂದಲಿಲ್ಲ ಎಂಬ ಒಂದೇ ಕಾರಣಕ್ಕೆ ಮದುವೆಗೆ ಹುಡುಗಿ ಸಿಗದೆ ಒದ್ದಾಡುತ್ತಾನೆ. ಚಿತ್ರಮಂದಿರದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಹಾಗೆ ನಕ್ಕವರಲ್ಲಿ ಕೆಲವರಾದರೂ ತಲೆಗೆ ಟೋಪಿ ಹಾಕಿಕೊಂಡೇ ಕುಳಿತಿದ್ದರೆಂದು ನನ್ನ ಗುಮಾನಿ. ಆದ್ದರಿಂದ ಈ ಪತ್ರವನ್ನು ನಗೆಯಾಡದೆ ನೋಡೋಣ.

ಮೊದಲು ನೀರಿನ ವಿಷಯ. ಭದ್ರೆಯ ನೀರಿನಲ್ಲಿ ತಲೆ ತೊಳೆದು ಬೆಳೆದವರು ಬೆಂಗಳೂರಿನ ಕೊಳವೆಬಾವಿಯ ಗಡಸು ನೀರಿಗೆ ತಲೆಯೊಡ್ಡಿದಾಗ ಕೂದಲು ಒರಟಾಗುವುದುಂಟು, ಸಿಕ್ಕುಗಟ್ಟುವುದುಂಟು, ತುದಿಯಲ್ಲಿ ಮುರಿಯುವುದೂ ಉಂಟು. ಆದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕನ್ನಡಿಯ ಮುಂದೆ ನಿಂತು ಕಿವಿಯ ಮೇಲಿನ ಕೂದಲನ್ನೂ ಹಿಂದಲೆಯ ಕೂದಲನ್ನೂ ಮುಟ್ಟಿ. ಅದೇ ನೀರು, ಅದೇ ಸಾಬೂನು, ಅದೇ ಹೆಲ್ಮೆಟ್. ಅಲ್ಲಿ ಒಂದು ಎಳೆಯೂ ಕಡಿಮೆಯಾಗಿಲ್ಲವಲ್ಲ? ನೀರು ನೆತ್ತಿಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ಮಾತ್ರ ಕೂದಲು ಕೀಳುವುದಿಲ್ಲ. ಪತ್ರದ ಕೊನೆಯಲ್ಲಿ ಇವರೇ ಬರೆದಿರುವಂತೆ ಇವರ ದೊಡ್ಡಪ್ಪನಿಗೂ ಸೋದರಮಾವನಿಗೂ ಮೂವತ್ತರೊಳಗೆ ತಲೆ ಬೋಳಾಗಿತ್ತು. ಅವರಿಬ್ಬರೂ ಊರು ಬಿಟ್ಟು ಹೋದವರಲ್ಲ.

ಇದು ವಂಶದಿಂದ ಬರುವ ಗುಣ, ಗಂಡು ಹಾರ್ಮೋನು ಅದನ್ನು ಹೊರಗೆಡಹುತ್ತದೆ. ಬೀಜಹೀನರಿಗೆ ತಲೆ ಬೋಳಾಗುವುದಿಲ್ಲವೆಂದು ಗ್ರೀಕ್ ವೈದ್ಯ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಉಳಿದುಬಂದ ಸೂತ್ರಗಳಲ್ಲೇ ಇದೆ. ಇದನ್ನು ಶಾಸ್ತ್ರೀಯವಾಗಿ ತೋರಿಸಿದವರು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್. ಹರೆಯಕ್ಕೆ ಮೊದಲೇ ವೃಷಣಗಳ ಕೆಲಸ ನಿಂತವರ ತಲೆ ಬೋಳಾಗುವುದಿಲ್ಲ. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ, ಮನೆತನದಲ್ಲಿ ಬೋಳುತಲೆ ಇರುವವರಲ್ಲಿ ಕೂದಲುದುರಲು ತೊಡಗುತ್ತದೆ ಎಂದು ಅವರು 1942ರಲ್ಲಿ ಪ್ರಕಟಿಸಿದರು. ಮುಂದೆ 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ ಹೊರಬಂತು. ಟೆಸ್ಟೋಸ್ಟೆರಾನನ್ನು ಡೈಹೈಡ್ರೊ ಟೆಸ್ಟೋಸ್ಟೆರಾನ್ ಎಂಬ ಇನ್ನೂ ಚುರುಕಾದ ಹಾರ್ಮೋನಾಗಿ ಮಾರ್ಪಡಿಸುವ ಕಿಣ್ವ ಆ ಕುಟುಂಬಗಳ ಕೆಲವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿತ್ತು. ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯಿತು, ಮುಂದಲೆಯ ಕೂದಲು ಹಿಂದೆ ಸರಿಯಲಿಲ್ಲ. ಹೆಸರು ಉದ್ದವಾದ ಆ ಎರಡನೆಯ ಹಾರ್ಮೋನೇ ನಮ್ಮ ಕಥೆಯ ಖಳನಾಯಕ. ನಾವು ಅದನ್ನು ಡಿಎಚ್‌ಟಿ ಎಂದು ಕರೆಯೋಣ.

ಒಂದು ತಪ್ಪು ತಿಳಿವಳಿಕೆ ಬೇಡ. ಬೋಳುತಲೆಯವರ ಮೈಯಲ್ಲಿ ಗಂಡು ಹಾರ್ಮೋನು ಉಕ್ಕಿ ಹರಿಯುತ್ತಿರುತ್ತದೆಂದೇನೂ ಇಲ್ಲ. ಹಾರ್ಮೋನಿನ ಪ್ರಮಾಣ ಎಲ್ಲರಲ್ಲಿರುವಷ್ಟೇ ಇರುತ್ತದೆ, ಅದಕ್ಕೆ ಮುಂದಲೆ ಮತ್ತು ನೆತ್ತಿಯ ರೋಮಕೂಪಗಳು ತೋರುವ ಸೂಕ್ಷ್ಮತೆ ಮಾತ್ರ ಹೆಚ್ಚು. ಈ ಸೂಕ್ಷ್ಮತೆ ತಾಯಿಯ ಕಡೆಯಿಂದಲೇ ಬರುತ್ತದೆ ಎಂಬ ಮಾತು ಅರ್ಧ ಸರಿ. ಒಂದು ಮುಖ್ಯ ಜೀನು ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಉಳಿದವು ಹಲವು, ಎರಡೂ ಕಡೆಯಿಂದ ಬರುವಂಥವು. ಸೋದರಮಾವನನ್ನೊಬ್ಬನನ್ನೇ ದೂರಬೇಕಾಗಿಲ್ಲ.

ಈಗ ಐದನೆಯ ವಾರಕ್ಕೆ ಬರೋಣ. ನೆತ್ತಿಯ ಪ್ರತಿಯೊಂದು ಕೂದಲಿಗೂ ಒಂದು ಆಯುಷ್ಯವಿದೆ. ಎರಡರಿಂದ ಆರು ವರ್ಷ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರ ಕುಗ್ಗುತ್ತದೆ. ನಂತರ ಸುಮಾರು ಮೂರು ತಿಂಗಳು ಸುಮ್ಮನೆ ವಿಶ್ರಮಿಸಿ ಉದುರುತ್ತದೆ, ಅದೇ ಕೂಪದಿಂದ ಹೊಸದು ಮೇಲೇಳುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುವುದರಿಂದ ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಸಹಜ. ಡಿಎಚ್‌ಟಿ ಮಾಡುವ ಕೇಡೆಂದರೆ ಬೆಳೆಯುವ ಅವಧಿಯನ್ನು ಸುತ್ತಿನಿಂದ ಸುತ್ತಿಗೆ ಮೊಟಕುಗೊಳಿಸುವುದು. ಕೂಪ ಪ್ರತಿ ಸುತ್ತಿನಲ್ಲೂ ಸ್ವಲ್ಪ ಕಿರಿದಾಗುತ್ತದೆ. ದಪ್ಪ ಕೂದಲು ಇದ್ದಲ್ಲಿ ತೆಳು ಕೂದಲು, ತೆಳು ಇದ್ದಲ್ಲಿ ಮಗುವಿನ ಕೆನ್ನೆಯ ಮೇಲಿನಂಥ ನವಿರು ರೋಮ. ಕೊನೆಗೆ ಅದೂ ಇಲ್ಲ. ಆದ್ದರಿಂದ ನೆಲಕ್ಕೆ ಬಿದ್ದ ಕೂದಲನ್ನು ಎಣಿಸುವುದಕ್ಕಿಂತ, ನೆತ್ತಿಯಲ್ಲಿ ಉಳಿದ ಕೂದಲು ತೆಳುವಾಗುತ್ತಿದೆಯೇ ಎಂದು ನೋಡುವುದು ಮೇಲು.

ಮಿನೊಕ್ಸಿಡಿಲ್ ವಿಶ್ರಾಂತಿಯಲ್ಲಿರುವ ಕೂಪಗಳನ್ನು ಅವಧಿಗೆ ಮೊದಲೇ ಎಬ್ಬಿಸಿ ಬೆಳವಣಿಗೆಗೆ ಹಚ್ಚುತ್ತದೆ. ಎದ್ದ ಕೂಪ ಮೊದಲು ಮಾಡುವ ಕೆಲಸ ಹಳೆಯ ಕೂದಲನ್ನು ಹೊರದೂಡುವುದು. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎಲ್ಲೋ ಒಂದು ಹಂತದಲ್ಲಿ ಅನೇಕರಿಗೆ ಹೀಗೆ ಜಾಸ್ತಿ ಉದುರುತ್ತದೆ. ಅಂದರೆ ನಮ್ಮ ತರೀಕೆರೆಯ ಮಿತ್ರರು ಬಾಟಲಿ ಎಸೆದದ್ದು ಔಷಧ ಕೆಲಸ ಶುರುಮಾಡಿದ ವಾರವೇ! ಇದರಲ್ಲಿ ಅವರ ತಪ್ಪಿಗಿಂತ ಹೇಳಬೇಕಾದವರ ತಪ್ಪು ದೊಡ್ಡದು. ಚೀಟಿ ಬರೆಯುವಾಗ ಈ ಒಂದು ಮಾತನ್ನು ಹೇಳಲು ಅರ್ಧ ನಿಮಿಷ ಸಾಕು.

ಈ ಔಷಧ ಹುಟ್ಟಿದ್ದು ಕೂದಲಿಗಾಗಿ ಅಲ್ಲ. ಇದು ರಕ್ತದೊತ್ತಡ ಇಳಿಸುವ ಮಾತ್ರೆಯಾಗಿತ್ತು, ಅಮೆರಿಕದಲ್ಲಿ 1979ರಲ್ಲಿ ಬಳಕೆಗೆ ಬಂತು. ನುಂಗಿದವರ ಮುಖ, ತೋಳುಗಳಲ್ಲೆಲ್ಲ ರೋಮ ಬೆಳೆಯತೊಡಗಿದ್ದನ್ನು ಕಂಡು ಅಪ್‌ಜಾನ್ ಕಂಪನಿ ಅದನ್ನೇ ಹಚ್ಚುವ ದ್ರಾವಣ ಮಾಡಿತು. 1988ರಲ್ಲಿ ಅಲ್ಲಿನ ಔಷಧ ಇಲಾಖೆ ಗಂಡಸರ ಬೋಳುತಲೆಗೆ ಅದನ್ನು ಒಪ್ಪಿತು. ಈಗ ಗಂಡಸರಿಗೆ ಸಾಮಾನ್ಯವಾಗಿ ಬರೆಯುವುದು ಶೇಕಡಾ 5ರ ದ್ರಾವಣ. ಒಂದು ಸಲಕ್ಕೆ ಒಂದು ಮಿಲಿಲೀಟರ್, ಬೆಳಿಗ್ಗೆ ಮತ್ತು ರಾತ್ರಿ. ಒದ್ದೆ ತಲೆಗೆ ಬೇಡ. ಕೂದಲಿಗೆ ಎಣ್ಣೆ ಸವರಿದಂತೆ ಸವರಿದರೆ ವ್ಯರ್ಥ. ಬೈತಲೆ ತೆಗೆದು ಚರ್ಮಕ್ಕೆ ತಾಕಿಸಬೇಕು, ನಾಲ್ಕು ಗಂಟೆ ತಲೆ ತೊಳೆಯಬಾರದು, ಹಚ್ಚಿದ ಕೈಯನ್ನು ತಕ್ಷಣ ತೊಳೆದುಕೊಳ್ಳಬೇಕು. ಪೂರ್ತಿ ಒಣಗಿದ ಮೇಲೆಯೇ ದಿಂಬಿಗೆ ತಲೆಯಿಡಿ. ಪಕ್ಕದಲ್ಲಿ ಮಗು ಮಲಗುವ ಮನೆಯಾದರೆ ಇನ್ನೂ ಎಚ್ಚರ, ಅದರ ಮೈಗೆ ತಾಗಿದರೆ ಅಲ್ಲೂ ರೋಮ ಬೆಳೆಯಬಹುದು. ಬೆಕ್ಕು ಸಾಕಿದವರು ಬಾಟಲಿಯನ್ನು ಎತ್ತಿಡಿ, ಬೆಕ್ಕಿಗೆ ಇದು ವಿಷ.

ತುರಿಕೆ, ಹೊಟ್ಟು, ಕೆಂಪಾಗುವುದು ಕೆಲವರಲ್ಲಿ ಕಾಣುತ್ತದೆ. ಇದು ಹೆಚ್ಚಿನ ಸಲ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್‌ನ ಉಪದ್ರವ. ಅದಿಲ್ಲದ ನೊರೆಯ ರೂಪದ ಔಷಧವೂ ಸಿಗುತ್ತದೆ. ಎದೆ ಬಡಿತ ಜೋರಾದರೆ, ತಲೆ ಸುತ್ತಿದರೆ, ಕಾಲು ಊದಿಕೊಂಡರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಈಚೆಗೆ ಚರ್ಮವೈದ್ಯರು ಕೆಲವರಿಗೆ ಇದೇ ಔಷಧವನ್ನು ಅತಿ ಕಡಿಮೆ ಪ್ರಮಾಣದ ಮಾತ್ರೆಯಾಗಿ ಕೊಡುತ್ತಿದ್ದಾರೆ. ಹೃದಯ, ರಕ್ತದೊತ್ತಡ ನೋಡಿ ಕೊಡಬೇಕಾದ ಮಾತ್ರೆಯದು, ಗೆಳೆಯನ ಚೀಟಿ ತೋರಿಸಿ ತರುವಂಥದ್ದಲ್ಲ.

ಎರಡನೆಯ ಔಷಧ ಫಿನಾಸ್ಟೆರೈಡ್. ಡೊಮಿನಿಕನ್ ಕುಟುಂಬಗಳಲ್ಲಿ ಪ್ರಕೃತಿ ಮಾಡಿದ್ದನ್ನು ಇದು ಮಾತ್ರೆಯ ಮೂಲಕ ಅಷ್ಟಿಷ್ಟು ಮಾಡುತ್ತದೆ: ಕಿಣ್ವವನ್ನು ತಡೆದು ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಮೂರನೆಯ ಎರಡು ಭಾಗದಷ್ಟು ಇಳಿಸುತ್ತದೆ. 5 ಮಿಲಿಗ್ರಾಂ ಮಾತ್ರೆ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆಂದು ಬಂತು. ಕೂದಲಿಗೆಂದು 1 ಮಿಲಿಗ್ರಾಂ ಮಾತ್ರೆಗೆ ಅಮೆರಿಕದಲ್ಲಿ 1997ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 18ರಿಂದ 41 ವಯಸ್ಸಿನ 1,553 ಗಂಡಸರಿದ್ದರು. ಎರಡು ವರ್ಷದ ಕೊನೆಯಲ್ಲಿ ನೆತ್ತಿಯ ಫೋಟೋಗಳನ್ನು ಹೋಲಿಸಿ ನೋಡಿದಾಗ ಔಷಧ ನುಂಗಿದವರಲ್ಲಿ ಶೇಕಡಾ 66 ಮಂದಿಗೆ ಕೂದಲು ಹೆಚ್ಚಿತ್ತು, ಹುಸಿಮಾತ್ರೆ ನುಂಗಿದವರಲ್ಲಿ ಶೇಕಡಾ 7 ಮಂದಿಗೆ. ಎರಡು ವರ್ಷ ಎಂಬುದನ್ನು ಗಮನಿಸಿ.

ಈ ಮಾತ್ರೆಯ ವಿಷಯದಲ್ಲಿ ಮುಚ್ಚುಮರೆ ಸಲ್ಲದು. ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಇಳಿಯುವುದು ಕೆಲವರಲ್ಲಿ ಆಗುತ್ತದೆ. ಆರಂಭದ ಪ್ರಯೋಗಗಳಲ್ಲಿ ಇಂಥ ದೂರು ಹೇಳಿದವರು ಶೇಕಡಾ 3.8, ಹುಸಿಮಾತ್ರೆಯವರಲ್ಲಿ ಶೇಕಡಾ 2.1. ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ, ಆದರೆ ನಿಲ್ಲಿಸಿದರೂ ಹೋಗಲಿಲ್ಲವೆಂಬ ವರದಿಗಳಿರುವುದರಿಂದ ಅಮೆರಿಕದಲ್ಲಿ 2012ರಲ್ಲಿ ಆ ಮಾತನ್ನು ಔಷಧದ ಮಾಹಿತಿಪತ್ರಕ್ಕೆ ಸೇರಿಸಿದರು. 2025ರಲ್ಲಿ ಯೂರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆಗಳನ್ನೂ ಇದರ ಅಡ್ಡಪರಿಣಾಮವೆಂದು ಒಪ್ಪಿತು. ಖಿನ್ನತೆಯಿಂದ ಬಳಲಿದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮನಸ್ಸು ಕಾರಣವಿಲ್ಲದೆ ಕುಸಿಯತೊಡಗಿದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಯಾರಿಗಾದರೂ ಹೇಳಿ. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು, ಗಂಡು ಶಿಶುವಿನ ಬೆಳವಣಿಗೆಗೆ ತೊಂದರೆ. ಮಾತ್ರೆ ತೆಗೆದುಕೊಳ್ಳುವಾಗಲೂ ನಿಲ್ಲಿಸಿದ ಒಂದು ತಿಂಗಳವರೆಗೂ ರಕ್ತದಾನ ಮಾಡಬಾರದು. ಮದುವೆಯಾಗಿ ಕೂಡಲೇ ಮಕ್ಕಳು ಬೇಕೆನ್ನುವವರು ಮೊದಲೇ ವೈದ್ಯರೊಡನೆ ಮಾತಾಡುವುದು ಒಳ್ಳೆಯದು. ಮುಂದೆ ಎಂದಾದರೂ ಪ್ರಾಸ್ಟೇಟಿಗೆ ರಕ್ತಪರೀಕ್ಷೆ ಮಾಡಿಸಿದರೆ ಈ ಮಾತ್ರೆಯ ವಿಷಯ ಹೇಳಲು ಮರೆಯಬೇಡಿ, ಪಿಎಸ್‌ಎ ಅಂಕಿಯನ್ನು ಇದು ಅರ್ಧದಷ್ಟು ತಗ್ಗಿಸಿ ತೋರಿಸುತ್ತದೆ. ನಮ್ಮ ಅಂಗಡಿಗಳಲ್ಲಿ ಮಿನೊಕ್ಸಿಡಿಲ್ ಜೊತೆ ಫಿನಾಸ್ಟೆರೈಡ್ ಬೆರೆಸಿದ ದ್ರಾವಣಗಳೂ ಇವೆ. ಬರೀ ಹಚ್ಚುವ ಮದ್ದು ಎಂದುಕೊಂಡು ಕೊಳ್ಳುವ ಮೊದಲು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ.

ಔಷಧಕ್ಕೆ ಕೈಹಾಕುವ ಮುನ್ನ ರೋಗ ಇದೇ ಎಂದು ಖಚಿತವಾಗಬೇಕು. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ ಬಿಟ್ಟ ಎರಡು ಮೂರು ತಿಂಗಳಿಗೆ ಇಡೀ ತಲೆಯಿಂದ ಹಿಡಿ ಹಿಡಿಯಾಗಿ ಉದುರುವುದುಂಟು. ಅದು ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ನಾಣ್ಯದಗಲ ನುಣ್ಣಗೆ ಬೋಳಾಗುವುದು ಬೇರೆ ಕಾಯಿಲೆ. ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಯಿಂದಲೂ ಉದುರುತ್ತದೆ. ಚರ್ಮವೈದ್ಯರು ಭೂತಗನ್ನಡಿಯಂಥ ಉಪಕರಣದಲ್ಲಿ ನೆತ್ತಿ ನೋಡಿದರೆ ದಪ್ಪ ಕೂದಲಿನ ನಡುವೆ ತೆಳು ಕೂದಲು ಬೆರೆತಿರುವುದು ಕಂಡು ವಿಷಯ ಸಾಮಾನ್ಯವಾಗಿ ಇತ್ಯರ್ಥವಾಗುತ್ತದೆ. ಇದಕ್ಕಾಗಿ ಬೆಂಗಳೂರಿನ ದೊಡ್ಡ ಫಲಕದ ಕೇಂದ್ರಗಳಿಗೇ ಹೋಗಬೇಕೆಂದಿಲ್ಲ. ತರೀಕೆರೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರದಲ್ಲೇ ಇದೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ.

ಇನ್ನು ಎಣ್ಣೆಗಳು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಕುಟುಂಬಗಳು ಮಾಡುವ ಆದಿವಾಸಿ ತಲೆಯೆಣ್ಣೆಗೆ ಈಗ ದೇಶದ ತುಂಬ ಹೆಸರು. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಕೂದಲಿಗೆ ಎಣ್ಣೆ ನುಣುಪು ಕೊಡುತ್ತದೆ, ಮುರಿಯುವುದನ್ನು ಕಡಿಮೆ ಮಾಡುತ್ತದೆ. ಆದರೆ ಎಣ್ಣೆ ಯಾವುದೇ ಇರಲಿ, ನಿಮ್ಮ ಅಜ್ಜಿ ಕಾಯಿಸಿದ ಗರುಗದ ಸೊಪ್ಪಿನದೇ ಇರಲಿ, ಡಿಎಚ್‌ಟಿಯಿಂದ ಕುಗ್ಗಿದ ಕೂಪವನ್ನು ಮತ್ತೆ ಹಿಗ್ಗಿಸುತ್ತದೆಂದು ನಂಬಲು ಗಟ್ಟಿ ಆಧಾರವಿಲ್ಲ. ಅಕ್ಕರೆಯಿಂದ ಹಚ್ಚಿಸಿಕೊಳ್ಳಿ, ನಿರೀಕ್ಷೆ ಬೇಡ. ಬಯೋಟಿನ್ ಮಾತ್ರೆ ಕೂಡ ಕೊರತೆ ಇದ್ದವರಿಗಷ್ಟೇ. ಕೊರತೆ ಅಪರೂಪ, ಮೇಲಾಗಿ ಅದು ಥೈರಾಯ್ಡ್ ಪರೀಕ್ಷೆಯ ಲೆಕ್ಕವನ್ನೇ ತಪ್ಪಿಸಬಲ್ಲದು. ತಿರುಪತಿಯಲ್ಲೋ ಧರ್ಮಸ್ಥಳದಲ್ಲೋ ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆಂಬ ನಂಬಿಕೆಯೂ ಇದೆ. ಹರಕೆ ದೇವರಿಗೆ ಸಲ್ಲುತ್ತದೆ. ಕತ್ತಿ ಮಾತ್ರ ಚರ್ಮದ ಮೇಲೆ ಓಡುತ್ತದೆ, ಕೂಪ ಇರುವುದು ಚರ್ಮದ ಕೆಳಗೆ.

ಹಾಗಾದರೆ ಎಷ್ಟು ಕಾಯಬೇಕು? ಮೊದಲ ಎರಡು ತಿಂಗಳು ಉದುರುವುದು ಹೆಚ್ಚಬಹುದು. ಮೂರು ನಾಲ್ಕನೆಯ ತಿಂಗಳಲ್ಲಿ ಅದು ನಿಲ್ಲುವುದೇ ಮೊದಲ ಒಳ್ಳೆಯ ಸೂಚನೆ. ಆರನೆಯ ತಿಂಗಳ ಹೊತ್ತಿಗೆ ನೆತ್ತಿಯಲ್ಲಿ ತೆಳು ಕೂದಲು ಕಾಣಬಹುದು. ಫಲವಿದೆ ಇಲ್ಲ ಎಂದು ತೀರ್ಪು ಕೊಡಲು ಒಂದು ವರ್ಷವಾದರೂ ಬೇಕು. ನೆತ್ತಿ ಚೆನ್ನಾಗಿ ಸ್ಪಂದಿಸುತ್ತದೆ, ಹಣೆಯ ಮೂಲೆಗಳು ಮೊಂಡು. ಎಷ್ಟೋ ಜನರಿಗೆ ಸಿಗುವ ಲಾಭವೆಂದರೆ ಇದ್ದದ್ದು ಉಳಿಯುವುದು. ಕನ್ನಡಿಯಲ್ಲಿ ಹೊಸದೇನೂ ಕಾಣದ್ದರಿಂದ ಅವರು ಔಷಧ ಸೋತಿತೆಂದು ಬಿಟ್ಟುಬಿಡುತ್ತಾರೆ, ಬಿಟ್ಟ ಆರು ತಿಂಗಳಿಗೆ ಪಶ್ಚಾತ್ತಾಪ ಪಡುತ್ತಾರೆ. ಮಿನೊಕ್ಸಿಡಿಲ್ ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ, ಫಿನಾಸ್ಟೆರೈಡ್ ನಿಲ್ಲಿಸಿದರೆ ಸುಮಾರು ಒಂದು ವರ್ಷದಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ನಾಲೆಯ ನೀರು ಬಿಟ್ಟಿರುವ ತನಕ ಗದ್ದೆ ಹಸಿರು ಎಂಬಂಥ ಲೆಕ್ಕ ಇದು, ಆದ್ದರಿಂದ ವರ್ಷಗಟ್ಟಲೆ ಖರ್ಚು ಮಾಡಲು ಮನಸ್ಸೂ ಕೈಯೂ ಒಪ್ಪುತ್ತದೆಯೇ ಎಂದು ಮೊದಲೇ ಯೋಚಿಸಿ. ಅಡಿಕೆ ಸಸಿ ನೆಟ್ಟು ಮೊದಲ ಗೊನೆಗೆ ಐದಾರು ವರ್ಷ ಕಾಯುವ ಮನೆಯ ಹುಡುಗ ಒಂದು ವರ್ಷ ಕಾಯಲಾರದೆ ಹೋದಾನೆಯೇ?

ಒಂದು ಉಪಾಯ ಹೇಳುತ್ತೇನೆ. ದಿನಾ ಕನ್ನಡಿ ನೋಡುವುದನ್ನು ಬಿಡಿ. ಮೂರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕು, ಅಷ್ಟೇ ಉದ್ದದ ಒಣಗೂದಲು. ನೆತ್ತಿಯದೊಂದು, ಮುಂದಲೆಯದೊಂದು ಫೋಟೋ. ಹೋಲಿಕೆಯನ್ನು ಮನೆಯಲ್ಲಿ ಬೇರೆಯವರು ಮಾಡಲಿ.

ಔಷಧವೇ ಬೇಡವೆನ್ನುವವರೂ ಇದ್ದಾರೆ, ಅದೂ ಸರಿಯೇ. ತಲೆಯನ್ನು ಗಿಡ್ಡಗೆ ಕತ್ತರಿಸಿಕೊಂಡು ಆರಾಮವಾಗಿರುವವರನ್ನು ನಾನು ಬಲ್ಲೆ. ಇನ್ನು ಕೂದಲು ಕಸಿ. ಹಿಂದಲೆಯ ಕೂಪಗಳು ಎಲ್ಲಿ ನೆಟ್ಟರೂ ತಮ್ಮ ಗುಣ ಬಿಡುವುದಿಲ್ಲ ಎಂಬುದರ ಮೇಲೆ ಅದು ನಿಂತಿದೆ. ಇಪ್ಪತ್ತಾರಕ್ಕೆ ಅವಸರಿಸಿದರೆ, ಮುಂದೆ ಸುತ್ತಲಿನ ಸ್ವಂತ ಕೂದಲು ಉದುರಿ ನೆಟ್ಟದ್ದು ಮಾತ್ರ ದ್ವೀಪದಂತೆ ಉಳಿಯುವ ಸಂಭವವಿದೆ. ಕಸಿ ಮಾಡಿಸುವುದೇ ಆದರೆ ತರಬೇತಾದ ವೈದ್ಯರ ಕೈಯಲ್ಲಿ, ತುರ್ತು ಚಿಕಿತ್ಸೆಯ ಸೌಲಭ್ಯವಿರುವಲ್ಲಿ. ಸಲೂನಿನ ಮಹಡಿಯ ಮೇಲಲ್ಲ.

ಈಗ ನಾಲ್ಕು ತಿಂಗಳ ಪ್ರಶ್ನೆ. ಕಾರ್ತೀಕದೊಳಗೆ ಕೂದಲು ಬರಿಸುವ ಮದ್ದು ಇಲ್ಲ. ಇಂದು ಮತ್ತೆ ದ್ರಾವಣ ಶುರುಮಾಡಿದರೆ ಹೆಣ್ಣು ನೋಡಲು ಹೋಗುವ ಹೊತ್ತಿಗೆ ನೀವು ಬಹುಶಃ ಉದುರುವ ಹಂತದಲ್ಲೇ ಇರುತ್ತೀರಿ. ಲಗ್ನದ ಹೊತ್ತಿಗೆ ಅದು ನಿಂತಿರಬಹುದು, ಫೋಟೋದಲ್ಲಿ ಕಾಣುವ ವ್ಯತ್ಯಾಸವಾಗಿರುವುದಿಲ್ಲ. ಅದಕ್ಕೆಂದು ಇನ್ನೂ ಒಂದು ವರ್ಷ ತಡಮಾಡಿದರೆ ಉಳಿಸಿಕೊಳ್ಳಬಹುದಾದ ಕೂಪಗಳೂ ಕುಗ್ಗುತ್ತವೆ. ಆದ್ದರಿಂದ ಈ ವಾರವೇ ನಿಮ್ಮ ವೈದ್ಯರಲ್ಲಿಗೆ ಹೋಗಿ, ಬಾಟಲಿ ಎಸೆದ ಸಂಗತಿಯನ್ನು ಸಂಕೋಚವಿಲ್ಲದೆ ಹೇಳಿ, ಮಾತ್ರೆಯೂ ಬೇಕೇ ಎಂದು ಕೇಳಿ. ಕ್ಷೌರಿಕನಲ್ಲಿ ಕೂದಲನ್ನು ಸ್ವಲ್ಪ ಗಿಡ್ಡ ಮಾಡಿಸಿ, ನೆತ್ತಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಟೋಪಿ ತೆಗೆದೇ ಹೆಣ್ಣು ನೋಡಲು ಹೋಗಿ. ಹುಡುಗಿಯೊಡನೆ ಮಾತಾಡುವ ಅವಕಾಶ ಸಿಕ್ಕಾಗ ಔಷಧ ತೆಗೆದುಕೊಳ್ಳುತ್ತಿರುವ ವಿಷಯವನ್ನೂ ಹೇಳಿಬಿಡಿ. ಮುಂದೆ ದಿಂಬಿನ ವಿಷಯ, ಮಕ್ಕಳ ವಿಷಯ ಆಕೆಗೂ ತಿಳಿದಿರಬೇಕಾದದ್ದೇ. ಇವತ್ತೇ ಎರಡು ಫೋಟೋ ತೆಗೆಸಿ, ತಾರೀಖು ಬರೆದಿಡಿ. ಮುಂದಿನ ಆಷಾಢದಲ್ಲಿ ಇನ್ನೆರಡು ತೆಗೆಸಿ ಪಕ್ಕದಲ್ಲಿಟ್ಟು ನೋಡಿ, ಏನು ಕಂಡಿತೆಂದು ನನಗೆ ಬರೆಯಿರಿ.